ಎದುರಿಗೆ ನಿಂತು ಮಾತಾಡಿರಿ

ನಾನು ಒಂದು ಕಾರು. ನಾಲ್ಕು ಬಾಗಿಲಿನ, ಕೆನೆಬಣ್ಣದ, ಸಣ್ಣ ಸಂಸಾರಕ್ಕೆ ಸಾಲುವಷ್ಟು ಚಿಕ್ಕ ಕಾರು. ಕೆನೆಬಣ್ಣ ಎಂದೆನಲ್ಲ, ಅದು ಹುಟ್ಟಿದಾಗಿನ ಮಾತು. ಈಗ ನನ್ನ ಮೈಮೇಲೆ ಬಣ್ಣ ಎಷ್ಟು, ತುಕ್ಕು ಎಷ್ಟು ಎಂದು ನನಗೇ ತಿಳಿಯದು.

ಮನುಷ್ಯರಂತೆ ನಾನು ಒಂದೇ ಗಳಿಗೆಯಲ್ಲಿ ಹುಟ್ಟಲಿಲ್ಲ. ಬಾಗಿಲುಗಳು ಒಂದು ಶೆಡ್ಡಿನಲ್ಲಿ ಹುಟ್ಟಿದವು, ಎಂಜಿನ್ನು ಇನ್ನೊಂದರಲ್ಲಿ, ಗಾಜುಗಳು ಬೇರೆ ಯಾವುದೋ ಊರಲ್ಲಿ. ಎಲ್ಲವನ್ನೂ ಕೂಡಿಸಿ, ಬಿಗಿದು, ಕೊನೆಗೆ ಒಬ್ಬ ಕೆಲಸಗಾರ ಕೀಲಿ ತಿರುಗಿಸಿದಾಗ ಹೊಟ್ಟೆಯೊಳಗೆ ಗಾಳಿ ಎಳೆದುಕೊಂಡೆ. ಅದೇ ನನ್ನ ಮೊದಲ ಉಸಿರು. ಆತ ನನ್ನ ಮುಖವನ್ನೂ ನೋಡದೆ, ಕೈಯಲ್ಲಿದ್ದ ಕಾಗದದ ಮೇಲೆ ಗೆರೆ ಎಳೆದು ಮುಂದಿನ ಕಾರಿನ ಕಡೆಗೆ ನಡೆದ. ಬಿಟ್ಟುಹೋಗುವವರ ಬೆನ್ನನ್ನು ನಾನು ಮೊದಲು ನೋಡಿದ್ದು ಆಗ.

ಲಾರಿಯ ಮೇಲೇರಿ ಬಂದು ಇಳಿದದ್ದು ಹಾವೇರಿಯಲ್ಲಿ, ಹೋಮಿಯೋಪತಿ ಡಾಕ್ಟರು ಕರಗುದರಿಯವರ ಮನೆಯ ಮುಂದೆ. ಅವರಿಗೆ ನಾಲ್ಕು ಮಕ್ಕಳು. ಹಿಂದಿನ ಸೀಟಿನಲ್ಲಿ ನಾಲ್ಕೂ ಕೂತು ಕಿತ್ತಾಡುತ್ತಿದ್ದವು. ಸಕ್ಕರೆ ಗುಳಿಗೆಯ ವಾಸನೆ, ಚುರುಮುರಿ, ವಾಂತಿ, ಜಗಳ, ಹಾಡು ಎಲ್ಲವೂ ನನ್ನೊಳಗೇ ಆದವು. ಎಂಟು ವರ್ಷ ಹಾಗೆ ಕಳೆಯಿತು. ಮಕ್ಕಳ ಕಾಲು ಉದ್ದವಾಗಿ ಮುಂದಿನ ಸೀಟಿಗೆ ತಾಗತೊಡಗಿದ ಮೇಲೆ ಅಂಗಳಕ್ಕೆ ಒಂದು ದೊಡ್ಡ ಡೀಸೆಲ್ ಗಾಡಿ ಬಂತು. ನಾನು ಹೊರಟ ದಿನ ಮಕ್ಕಳೆಲ್ಲ ಆ ಹೊಸ ಗಾಡಿಯ ಹಾರನ್ ಒತ್ತುವುದರಲ್ಲಿ ಮುಳುಗಿದ್ದರು. ಅವರನ್ನು ದೂರುವುದಿಲ್ಲ. ಮಕ್ಕಳು ಮಕ್ಕಳೇ.

ನನ್ನನ್ನು ನೋಡಲು ಧಾರವಾಡದಿಂದ ಇಬ್ಬರು ಬಂದಿದ್ದರು. ಒಬ್ಬಳು ಮಾಳಮಡ್ಡಿಯ ವತ್ಸಲಾ ಹೆಬ್ಬಳ್ಳಿ. ವಯಸ್ಸು ಐವತ್ತರ ಹತ್ತಿರ, ಕಿವುಡ ಮಕ್ಕಳ ಶಾಲೆಯಲ್ಲಿ ಟೀಚರು. ಊರೆಲ್ಲ ಆಕೆಯನ್ನು ಅಕ್ಕೋರು ಎನ್ನುತ್ತಿತ್ತು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅದೇ ಹೆಸರು. ಇನ್ನೊಬ್ಬ ಆಕೆ ಜೊತೆಗೆ ಕರೆತಂದಿದ್ದ ಮೆಕ್ಯಾನಿಕ್ಕು, ದಸ್ತಗೀರ ಮಿಸ್ತ್ರಿ. ಟೋಲನಾಕಾದ ಹಿಂದಿನ ಗಲ್ಲಿಯಲ್ಲಿ ಆತನದೊಂದು ತಗಡಿನ ಗ್ಯಾರೇಜು.

ದಸ್ತಗೀರ ನನ್ನ ಬಣ್ಣ ನೋಡಲಿಲ್ಲ, ಟೈರು ಒದೆಯಲಿಲ್ಲ. ಬಾನೆಟ್ಟು ಎತ್ತಿ, ಎಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ನನ್ನ ಎದೆಗಿಟ್ಟು ಹಿಡಿಕೆಯನ್ನು ತನ್ನ ಕಿವಿಗಿಟ್ಟ. ಕಣ್ಣು ಮುಚ್ಚಿದ. ಅಷ್ಟು ಗಮನವಿಟ್ಟು ನನ್ನ ಮಾತನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ಇದಕ್ಕೇನೂ ಆಗಿಲ್ಲರಿ ಅಕ್ಕೋರ," ಎಂದ ಕಣ್ಣು ತೆರೆದು. "ಎರಡನೇ ವಾಲ್ವ್ ಜರಾ ಕಟಕಟ ಅಂತೈತಿ, ನಾ ನೋಡ್ಕೋತೀನಿ. ಉಳದದ್ದು, ಗಾಡಿಗಿ ಬ್ಯಾಸರಾಗೇತಿ ಅಷ್ಟ. ತಗೋರಿ."

ಆಕೆ ತಗೊಂಡಳು.

ವತ್ಸಲಾ ಮದುವೆಯಾದವಳಲ್ಲ. ಅಕ್ಕ ಕುಮುದಿನಿಯೊಂದಿಗೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಅಕ್ಕನ ಮೊಣಕಾಲು ಹೋಗಿದ್ದವು; ಆಟೋ ಹತ್ತುವುದೂ ಕಷ್ಟ. ಮನೆಯ ಗೋಡೆ ನೋಡುತ್ತ ಕೂತ ಅಕ್ಕನಿಗೆ ಊರು ತೋರಿಸಬೇಕೆಂದೇ ಆಕೆ ಆ ವಯಸ್ಸಿನಲ್ಲಿ ಗಾಡಿ ಕಲಿತು ನನ್ನನ್ನು ತಂದದ್ದು. ಭಾನುವಾರ ಬಂತೆಂದರೆ ಕುಮುದಿನಿಯನ್ನು ಎಡಗಡೆಯ ಸೀಟಿಗೆ ಮೆಲ್ಲಗೆ ಕೂಡಿಸಿ ಕೆಲಗೇರಿ ಕೆರೆಗೆ ಹೊರಡುತ್ತಿದ್ದಳು. ಕುಮುದಿನಿ ದಾರಿಯುದ್ದಕ್ಕೂ ಮಾತು. "ವತ್ಸೀ, ಆ ಮನಿ ಬಿದ್ದಹೋತಲ್ಲೇ!" "ವತ್ಸೀ, ಎಮ್ಮಿ ಅಡ್ಡ ಬಂತು ನೋಡವಾ!" ವತ್ಸಲಾ ನಕ್ಕು ಗೇರು ಬದಲಿಸುವಳು. ನಾಲ್ಕು ವರ್ಷ ಆ ಮಾತು ಕೇಳಿದೆ. ಐದನೆಯ ವರ್ಷ ಕುಮುದಿನಿ ತೀರಿಕೊಂಡಳು. ಹದಿನೈದು ದಿನ ನನ್ನನ್ನು ಯಾರೂ ಮುಟ್ಟಲಿಲ್ಲ. ಹದಿನಾರನೆಯ ದಿನ ವತ್ಸಲಾ ಬಂದು, ಕಾಯಿಪಲ್ಲೆಯ ಚೀಲವನ್ನು ಎಡಗಡೆಯ ಸೀಟಿನ ಮೇಲೆ ಇಡಲು ಹೋಗಿ, ತಡೆದು, ಹಿಂದಿನ ಸೀಟಿಗೆ ಹಾಕಿದಳು. ಅಂದಿನಿಂದ ಚೀಲದ ಜಾಗ ಅದೇ ಆಯಿತು.

ಕೆಲವು ವರ್ಷದ ಮೇಲೆ ಆಕೆ ನಿವೃತ್ತಳಾದಳು. ಕೊರಳಿಗೆ ಮಾಲೆ, ಕೈಯಲ್ಲೊಂದು ಗಡಿಯಾರ. ಮಕ್ಕಳು ಗೇಟಿನವರೆಗೆ ಬಂದು ಕೈಬೆರಳಲ್ಲಿ ಏನೇನೋ ಹೇಳಿದವು. ಆಕೆಯೂ ಸ್ಟೇರಿಂಗ್ ಬಿಟ್ಟು ಬೆರಳಲ್ಲಿ ಉತ್ತರ ಕೊಟ್ಟಳು. ಗದ್ದಲವಿಲ್ಲದ ಬೀಳ್ಕೊಡುಗೆ ಅದು. ಆಮೇಲೆ ಆಕೆಯ ದಿನಗಳು ಬಹಳ ಉದ್ದವಾದವು. ಹಾಲು, ಪೇಪರು, ಔಷಧಿ ಅಂಗಡಿ. ಭಾನುವಾರ ಅದೇ ಕೆರೆ. ಗಾಜು ಇಳಿಸಿ ಒಂದು ತಾಸು ನೀರು ನೋಡುತ್ತ ಕೂಡುವಳು, ಮಾತಿಲ್ಲ, ಕತೆಯಿಲ್ಲ. ಕೆಲವೊಮ್ಮೆ ಮುಂಜಾನೆಯಿಂದ ಸಂಜೆಯವರೆಗೆ ಆಕೆ ಆಡಿದ ಮಾತು ಹಾಲಿನವನಿಗೆ "ನಾಳೆ ಅರ್ಧಾ ಲೀಟರ್ ಸಾಕು" ಎಂದದ್ದು ಒಂದೇ.

ಅಂಥ ದಿನಗಳಲ್ಲೇ ನನಗೆ ರೋಗ ಬಂತು.

ಮೊದಲು ಅದು ರೋಗವೆಂದು ಅನಿಸಲಿಲ್ಲ. ಓಡುವಾಗ ಚೆನ್ನಾಗಿಯೇ ಓಡುತ್ತಿದ್ದೆ. ನಿಂತರೆ ಸಾಕು, ಮೈಯೆಲ್ಲ ನಡುಕ. ಎಂಜಿನ್ನು ಚಳಿಜ್ವರ ಬಂದವರಂತೆ ಕುಲುಕಿ, ಬಿಕ್ಕಿ, ಆರಿಹೋಗುವುದು. ಜೊತೆಗೆ ಎಂಜಿನ್ನಿನ ಹಿಂಬದಿಯಲ್ಲೆಲ್ಲೋ ಸಣ್ಣಗೆ ಸುಸ್ ಎಂಬ ಸದ್ದು. ಜುಬಿಲಿ ಸರ್ಕಲ್ಲಿನಲ್ಲಿ ಹಸಿರು ದೀಪ ಬಿದ್ದಾಗ ನಾನು ಸತ್ತು ನಿಂತಿರುತ್ತಿದ್ದೆ. ಹಿಂದಿನವರೆಲ್ಲ ಹಾರನ್ ಬಾರಿಸುವರು. ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಅಜ್ಜೀ, ಮನ್ಯಾಗ ಕುಂದರ್ರಿ ಸುಮ್ನ," ಎಂದು ಹೋದ. ಆಕೆಯ ಕೈ ಸ್ಟೇರಿಂಗಿನ ಮೇಲೆ ಬೆವೆತದ್ದು ನನಗೆ ತಿಳಿಯಿತು.

ಆಕೆ ನನ್ನನ್ನು ದಸ್ತಗೀರನ ಬಳಿಗೆ ಒಯ್ದಳು. ಆತ ಕಾರ್ಬುರೇಟರ್ ಬಿಚ್ಚಿ ತೊಳೆದ. ಎರಡು ದಿನದಲ್ಲಿ ಮತ್ತೆ ಅದೇ. ಇನ್ನೊಮ್ಮೆ ಒಯ್ದಳು, ಪ್ಲಗ್ಗು ಹೊಸದು ಹಾಕಿದ. ಮತ್ತೆ ಅದೇ. "ಸುಸ್ ಅಂತ ಸಪ್ಪಳಾ ಬರ್ತದರಿ ಮಿಸ್ತ್ರೀ," ಎಂದು ಆಕೆ ಹೇಳಿದಳು. ಆತ ಬಾನೆಟ್ಟಿನೊಳಗೆ ತಲೆ ಹಾಕಿದ್ದ; ಉತ್ತರ ಕೊಡಲಿಲ್ಲ. ಮೂರನೆಯ ಸಲವೂ ಹೇಳಿದಳು. ಆತ ತಲೆಯೆತ್ತಿ, "ಹೂಂನ್ರಿ, ಹೂಂನ್ರಿ, ಆತು," ಎಂದು ನಕ್ಕ. ಸ್ಕ್ರೂಡ್ರೈವರು ಆತನ ಜೇಬಿನಲ್ಲೇ ಇತ್ತು. ಅದನ್ನು ನನ್ನ ಎದೆಗಿಡಲಿಲ್ಲ. ಕಣ್ಣು ಮುಚ್ಚಲಿಲ್ಲ. ಈತನಿಗೇನಾಗಿದೆ ಎಂದು ನಾನೂ ನೊಂದುಕೊಂಡೆ. ಹಳಬನಾದೆನಲ್ಲ, ನನ್ನ ಮಾತು ಈಗ ಈತನಿಗೂ ಬೇಡವಾಯಿತೇನೋ ಎಂದುಕೊಂಡೆ.

ಅದಾಗಿ ವಾರವಾಗಿರಲಿಲ್ಲ. ಕಾಲೇಜಿನ ಇಳಿಜಾರಿನಲ್ಲಿ ನಾವು ಕೆಳಗಿಳಿಯುತ್ತಿದ್ದೆವು. ಕೆಳಗೆ ತಿರುವಿನಲ್ಲಿ ಒಬ್ಬ ಹೆಂಗಸು ಪೇರಲ ಹಣ್ಣಿನ ತಳ್ಳುಗಾಡಿ ನಿಲ್ಲಿಸಿಕೊಂಡು ನೀರು ಚಿಮುಕಿಸುತ್ತಿದ್ದಳು. ಅಷ್ಟರಲ್ಲಿ ನನ್ನ ಎಂಜಿನ್ನು ಬಿಕ್ಕಿ ಆರಿತು. ವತ್ಸಲಾ ಬ್ರೇಕು ಒತ್ತಿದಳು. ಅದು ಕಲ್ಲಾಗಿತ್ತು. ಮತ್ತೆ ಒತ್ತಿದಳು, ಎರಡೂ ಕಾಲಿಟ್ಟು ಒತ್ತಿದಳು. ನಾನು ಉರುಳುತ್ತಲೇ ಇದ್ದೆ. ನಿಲ್ಲಬೇಕೆಂದು ನನಗೆಷ್ಟು ಆಸೆಯಿತ್ತೋ! ಆಕೆ ಕೈಬ್ರೇಕನ್ನು ಎರಡೂ ಕೈಯಲ್ಲಿ ಎಳೆದಳು. ಕಿರ್ರೆಂದು ಅಡ್ಡವಾಗಿ ಜಾರಿ ತಳ್ಳುಗಾಡಿಯ ಚಕ್ರಕ್ಕೆ ಗುದ್ದಿ ನಿಂತೆ. ಹಣ್ಣೆಲ್ಲ ರಸ್ತೆಯುದ್ದಕ್ಕೂ ಉರುಳಿದವು.

"ಯವ್ವಾ! ಒಂದ ಹೆಜ್ಜಿ ಈಕಡೆ ಇದ್ನೆಂದ್ರ ನನ್ನ ಹೆಣಾ ಬೀಳ್ತಿತ್ತಲ್ಲಬೇ!" ಎಂದು ಆ ಹೆಂಗಸು ಎದೆಗೆ ಕೈಯಿಟ್ಟು ಕೂತೇಬಿಟ್ಟಳು.

ವತ್ಸಲಾ ಇಳಿದು, ಆಕೆಯ ಕೈ ಹಿಡಿದು ಕ್ಷಮೆ ಕೇಳಿ, ಬಗ್ಗಿ ಹಣ್ಣು ಆರಿಸತೊಡಗಿದಳು. ಒಂದೊಂದನ್ನೂ ಸೆರಗಿನಲ್ಲಿ ಒರೆಸಿ ಗಾಡಿಗಿಟ್ಟಳು. 

ಒಂದು ಟೆಂಪೋಕ್ಕೆ ಹಗ್ಗ ಕಟ್ಟಿ ನನ್ನನ್ನು ಗ್ಯಾರೇಜಿಗೆ ಎಳೆಸಿದಳು. ದಸ್ತಗೀರ ಬಾಗಿಲಿಗೆ ಬೆನ್ನು ಮಾಡಿ ಯಾವುದೋ ಜೀಪಿನ ನಟ್ಟು ಬಿಗಿಯುತ್ತಿದ್ದ. ದಾರಿಯುದ್ದಕ್ಕೂ ಬಿಗಿಹಿಡಿದ ಸಿಟ್ಟೆಲ್ಲ ಆಕೆಯ ಬಾಯಿಂದ ಒಮ್ಮೆಲೇ ಹೊರಬಿತ್ತು.

"ಮಿಸ್ತ್ರೀ! ಇವತ್ತ ಒಂದು ಜೀವಾ ಹೋಗ್ತಿತ್ತು. ಮೂರ ಸಲ ಬಡಕೊಂಡೆ ಸಪ್ಪಳಾ ಬರ್ತದ, ನೋಡ್ರಿ ಅಂತ. ನಿಮಗ ಕಿವಿ ಅದಾವೋ ಇಲ್ಲೋ?"

ಆತ ತಿರುಗಲಿಲ್ಲ. ನಟ್ಟು ಬಿಗಿಯುತ್ತಲೇ ಇದ್ದ.

ವತ್ಸಲಾ ಅಲ್ಲೇ ನಿಂತುಬಿಟ್ಟಳು. ಮೂವತ್ತೊಂದು ವರ್ಷ ಆಕೆ ತನ್ನ ತರಗತಿಯ ಬಳಿ ಸುಳಿಯಗೊಡದ ಮಾತು ಅದು. ಆಡಿದವರು ಯಾರೇ ಆಗಲಿ, ಹೊರಗೆ ಕಳಿಸುತ್ತಿದ್ದಳಂತೆ. ಈಗ ಅದೇ ಮಾತು ತನ್ನ ಬಾಯಿಂದ ಬಂದಿತ್ತು. ಆಕೆ ಆತನ ಬೆನ್ನನ್ನೇ ನೋಡಿದಳು. ನಿಧಾನವಾಗಿ ಗೋಡೆಯ ಮೊಳೆಯಿಂದ ನಟ್ಟು ಬಿಗಿಯುವ ಒಂದು ದೊಡ್ಡ ಪಾನಾ ತೆಗೆದು, ಕೈ ಮೇಲೆತ್ತಿ, ಕಲ್ಲಿನ ನೆಲದ ಮೇಲೆ ಬಿಟ್ಟಳು.

ಠಣ್ಣೆಂದಿತು. ಹೊರಗೆ ಮಲಗಿದ್ದ ನಾಯಿ ಎದ್ದು ಓಡಿತು. ಎದುರಿನ ಸೈಕಲ್ ಅಂಗಡಿಯವನು ಇಣುಕಿ ನೋಡಿದ. ದಸ್ತಗೀರನ ಹೆಗಲು ಕೂಡ ಅಲುಗಲಿಲ್ಲ.

ಆಕೆ ಸುತ್ತುಹಾಕಿ ಹೋಗಿ, ಬಾಗಿಲಿನ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಆತನ ಎದುರಿಗೆ ನಿಂತಳು. ಆತ ಬೆಚ್ಚಿದ. "ಓ, ಅಕ್ಕೋರ! ಯಾವಾಗ ಬಂದ್ರಿ?"

ಆಕೆಯ ತುಟಿ ಅಲುಗಿದವು. ದನಿ ಮಾತ್ರ ಬರಲಿಲ್ಲ; ಬೇಕೆಂದೇ ತಡೆದಿದ್ದಳು. ನಾನು ಅಷ್ಟು ಹತ್ತಿರದಲ್ಲಿದ್ದೆ, ಬಂದಿದ್ದರೆ ನನಗೆ ಕೇಳಬೇಕಿತ್ತು. ಎಷ್ಟು ದಿನಾ ಆತು ಎಂದು ತುಟಿ ಕೇಳಿದ್ದವು.

"ದಿನಾ ಯಾಕ್ರಿ, ಸಂಜಿಗಿ ಮಾಡಿ ಕೊಡ್ತೀನಿ," ಎಂದ ದಸ್ತಗೀರ.

ಆಕೆ ತಲೆಯಲ್ಲಾಡಿಸಿ ತನ್ನ ಕಿವಿ ಮುಟ್ಟಿಕೊಂಡಳು. ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು, ದನಿಯಿಲ್ಲದೆ.

ಆತ ಪಾನಾ ಕೆಳಗಿಟ್ಟ. ಹಳೆಯ ಬಟ್ಟೆ ತಗೊಂಡು ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿದ.

"ಎರಡ ವರ್ಷಾತ್ರಿ," ಎಂದ ಕೊನೆಗೆ. "ಮದಲ ಎಡಕಿನ ಕಿವಿ ಹೋತು. ಸಂತಿಗಿ ಹೋಗೇತಿ, ಬರತೈತಿ ಅಂದ್ಕೊಂಡೆ. ಆಮ್ಯಾಲೆ ಬಲಕಿಂದೂ ಅದನ್ನ ಹುಡಕ್ಕೊಂಡ ಹೋತು." ನಗಲು ನೋಡಿದ, ಆಗಲಿಲ್ಲ. "ಕಿವಿಗಿ ಹಾಕೋ ಮಷೀನೂ ತಂದೆ. ಡಬ್ಬಿಯೊಳಗ ಕಲ್ಲ ಹಾಕಿ ಅಳ್ಳಾಡಿಸಿದಂಗ ಆಕ್ಕೈತಿ, ಮಾತ ತಿಳಿಯಂಗಿಲ್ಲ. ಮಂದಿ ಬಾಯಿ ಆಡಸ್ತಾರ, ನಾ ಹೂಂ ಅಂತೀನಿ. ಆಜಾನ್ ಆತೋ ಇಲ್ಲೋ ಅಂತ ಗಡಿಯಾರ ನೋಡ್ಕೊಂಡು ನಮಾಜಿಗಿ ಹೊಕ್ಕೀನಿ. ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕೋರ. ದಸ್ತಗೀರನ ಕಿವಿ ಅಂತ ಗಾಡಿ ತರತಿದ್ರು. ಕಿವಿನ ಇಲ್ಲಾ ಅಂದ್ರ ಯಾರ ಬರ್ತಾರ್ರಿ?"

ಆತನ ಹೆಂಡತಿ ತೀರಿ ಆರು ವರ್ಷವಾಗಿತ್ತು. ಮಗಳೊಬ್ಬಳು ಸೊಲ್ಲಾಪುರದಲ್ಲಿದ್ದಳು. ಗ್ಯಾರೇಜಿನ ಹಿಂದಿನ ಕೋಣೆಯೇ ಆತನ ಮನೆ. ಎರಡು ವರ್ಷ ಆ ಮನುಷ್ಯ ಒಂದು ಸದ್ದೂ ಇಲ್ಲದ ಊರಲ್ಲಿ, ಎಲ್ಲವೂ ಕೇಳುತ್ತಿದೆ ಎಂಬಂತೆ ನಗುತ್ತ ಬದುಕಿದ್ದ. ಆತನ ಕಿವಿ ಹೋಗಿತ್ತೇ ಹೊರತು ನನ್ನ ಮೇಲಿನ ಪ್ರೀತಿ ಹೋಗಿರಲಿಲ್ಲ ಎಂದು ಆಗ ನನಗೆ ತಿಳಿಯಿತು. ಸ್ಕ್ರೂಡ್ರೈವರನ್ನು ಎದೆಗಿಟ್ಟರೂ ಏನೂ ಕೇಳದೆಂಬ ಭಯಕ್ಕೆ ಆತ ಅದನ್ನು ಜೇಬಿನಲ್ಲೇ ಬಿಟ್ಟಿದ್ದ.

 ವತ್ಸಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆತನ ಮುಖ ನೋಡಿ, ಒಂದೊಂದೇ ಶಬ್ದವನ್ನು ಬಿಡಿಸಿ ಹೇಳಿದಳು. "ಕಿವಿ ಬ್ಯಾಡ. ಕೈ ಸಾಕು. ಬರ್ರಿ."

ಬಾನೆಟ್ಟು ತೆರೆಸಿ ನನ್ನನ್ನು ಚಾಲೂ ಮಾಡಿಸಿದಳು. ನಾನು ನಡುಗುತ್ತ ನಿಂತೆ. ಆಕೆ ಆತನ ಮಣಿಕಟ್ಟು ಹಿಡಿದು, ಶಾಲೆಯಲ್ಲಿ ಮಕ್ಕಳಿಗೆ ತಬಲಾದ ಮೇಲೆ ಅಂಗೈ ಇಡಿಸುತ್ತಿದ್ದ ಹಾಗೆ, ನನ್ನ ಎಂಜಿನ್ನಿನ ಮೇಲೆ ಇಡಿಸಿದಳು.

"ನಡಗೂದು ತಿಳೀತೈತ್ರಿ," ಎಂದ ಆತ. "ಎಲ್ಲಿಂದ ಅನ್ನೂದು ತಿಳೀವಲ್ದು."

"ಎಲ್ಲಿಂದ ಅಂತ ನಾ ಹೇಳ್ತೀನಿ." ಆಕೆ ಬಗ್ಗಿದಳು. ಫ್ಯಾನಿನ ಗದ್ದಲದಲ್ಲಿ ಆ ಸಣ್ಣ ಸದ್ದು ಹುಡುಕುವುದು ಸುಲಭವಿರಲಿಲ್ಲ. ಮುಂದೆ ಕೇಳಿದಳು, ಪಕ್ಕಕ್ಕೆ ಕೇಳಿದಳು, ಕೊನೆಗೆ ಹಿಂಬದಿಯ ಗೋಡೆಯ ಕಡೆ ಬೆರಳು ತೋರಿಸಿದಳು. "ಇಲ್ಲೇ ಎಲ್ಲೋ. ಕುಕ್ಕರ್ ಸೀಟಿ ಹೊಡಿಯೂಕಿಂತ ಮದಲು ಅಂತದಲ್ಲ, ಹಂಗ."

ದಸ್ತಗೀರನ ಕಣ್ಣು ಸಣ್ಣಗಾದವು. ಬಕೆಟ್ಟಿನಲ್ಲಿ ಕೈ ಅದ್ದಿ, ಒದ್ದೆ ಹಿಂಗೈಯನ್ನು ಪೈಪುಗಳ ಗುಂಟ ಮೆಲ್ಲಗೆ ಸರಿಸಿದ. ಒಂದು ಪೈಪು, ಎರಡು, ಮೂರು. ಹೆಬ್ಬೆರಳ ಗಾತ್ರದ ಒಂದು ಕರಿ ರಬ್ಬರ್ ಪೈಪಿನ ತುದಿಗೆ ಬಂದಾಗ ಕೈ ನಿಂತಿತು. ಅಲ್ಲಿ ಪೈಪು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಒದ್ದೆ ಚರ್ಮಕ್ಕೆ ತಣ್ಣಗೆ ತಾಗಿತು.

"ಅರೇ!" ಎಂದ. "ವ್ಯಾಕ್ಯೂಂ ಪೈಪ್!"

ಅದು ನನ್ನ ಎಂಜಿನ್ನಿನ ಉಸಿರೆಳೆತದ ಒಂದು ಪಾಲನ್ನು ಬ್ರೇಕಿಗೆ ಒಯ್ಯುವ ಪೈಪು. ಆ ಎಳೆತದ ಬಲವಿದ್ದರೆ ಮೆಲ್ಲಗೆ ಒತ್ತಿದರೂ ಬ್ರೇಕು ಹಿಡಿಯುತ್ತದೆ, ಇಲ್ಲದಿದ್ದರೆ ಕಲ್ಲು. ಇಷ್ಟು ವರ್ಷದ ಬಿಸಿಗೆ ರಬ್ಬರು ಗಟ್ಟಿಯಾಗಿ, ತುದಿ ಸೀಳಿ, ನಳಿಗೆಯ ಮೇಲೆ ಸಡಿಲವಾಗಿ ಕೂತಿತ್ತು. ಅಲ್ಲಿಂದ ಕಳ್ಳಗಾಳಿ ನುಗ್ಗಿ ನನ್ನ ಉಸಿರನ್ನೆಲ್ಲ ಕೆಡಿಸುತ್ತಿತ್ತು. ಮೂರು ತಿಂಗಳಿಂದ ಅದನ್ನೇ ಹೇಳಲು ನಾನು ನಡುಗುತ್ತಿದ್ದೆ.

ಆತ ಸೀಳಿನ ಮೇಲೆ ಹೆಬ್ಬೆರಳು ಒತ್ತಿಹಿಡಿದ. ಸುಸ್ ನಿಂತಿತು. ನನ್ನ ನಡುಕ ನಿಂತಿತು. ವತ್ಸಲಾ ಅದನ್ನು ಕಿವಿಯಲ್ಲಿ ಕೇಳಿದಳು, ದಸ್ತಗೀರ ಇನ್ನೊಂದು ಅಂಗೈಯಲ್ಲಿ ಕೇಳಿದ. ಒಬ್ಬರ ಮುಖ ಒಬ್ಬರು ನೋಡಿದರು. 

"ಸಿಕ್ಕಿತಲ್ರಿ ಅಕ್ಕೋರ," ಎಂದ. "ನನ್ನ ಕೈಗಿ ಸಿಕ್ಕಿತು."

ಉಳಿದದ್ದು ಹತ್ತು ನಿಮಿಷದ ಕೆಲಸ. ಎಂಜಿನ್ ಆರಿಸಿ, ಪೈಪು ಎಳೆದು, ಸೀಳಿದ ತುದಿಯನ್ನು ಬ್ಲೇಡಿನಿಂದ ನೆಟ್ಟಗೆ ಕತ್ತರಿಸಿದ. ಉಳಿದ ಪೈಪನ್ನು ನಳಿಗೆಯ ಮೇಲೆ ಒತ್ತಿ ಒತ್ತಿ ಕೂಡಿಸಿ, ಕ್ಲಿಪ್ಪು ಹಾಕಿ ಸ್ಕ್ರೂ ಬಿಗಿದ. ಮೂರು ತಿಂಗಳ ಯಾತನೆ ಇದ್ದದ್ದು ಒಂದು ಅಂಗುಲ ರಬ್ಬರಿನಲ್ಲಿ.

ಆಮೇಲಿನ ಭಾನುವಾರ ನಾವು ಕೆರೆಗೆ ಹೋಗಲಿಲ್ಲ. ಗ್ಯಾರೇಜಿಗೆ ಹೋದೆವು. ವತ್ಸಲಾ ಒಂದು ಸ್ಟೂಲು ಎಳೆದು ಬೆಳಕಿಗೆ ಮುಖ ಮಾಡಿ ಕೂತಳು. ದಸ್ತಗೀರ ಎದುರಿಗೆ ಟೈರಿನ ಮೇಲೆ ಕೂತ. ತುಟಿ ಓದುವ ಪಾಠ ಶುರುವಾಯಿತು. ಅರವತ್ತು ದಾಟಿದ ಶಿಷ್ಯ, ಗಡ್ಡದ ತುಂಬ ಗ್ರೀಸು.

"ಪ, ಬ, ಮ. ಮೂರೂ ತುಟಿ ಮ್ಯಾಲೆ ಒಂದೇ ಥರಾ ಕಾಣ್ತಾವ," ಎಂದು ಆಕೆ ಹೇಳಿಕೊಟ್ಟಳು. "ಪಾನಾ ಅಂದ್ರೂ ಅಷ್ಟ, ಮಾನಾ ಅಂದ್ರೂ ಅಷ್ಟ. ಹಿಂದ ಮುಂದಿನ ಮಾತು ನೋಡಿ ತಿಳ್ಕೋಬೇಕು."

"ಹಂಗಾರ ಯಾರರ ಮಾನಾ ಕೊಡ್ರಿ ಅಂದ್ರ ನಾ ಪಾನಾ ಕೊಡತೀನಿ," ಎಂದು ಆತ ನಕ್ಕ. ವತ್ಸಲಾ ಕೂಡ ನಕ್ಕಳು. ಆ ನಗು ಕೇಳದೆ ಒಂಬತ್ತು ವರ್ಷವಾಗಿತ್ತು.

ಒಂದು ಭಾನುವಾರ ಆಕೆ ಹಲಗೆಯ ಮೇಲೆ ದುಂಡನೆಯ ಅಕ್ಷರದಲ್ಲಿ ಬರೆದು ತಂದಳು: ನನಗೆ ಕಿವಿ ಕೇಳುವುದಿಲ್ಲ. ಎದುರಿಗೆ ನಿಂತು ಮಾತಾಡಿರಿ. ದಸ್ತಗೀರ ಅದನ್ನು ಓದಿ, ಟೈರುಗಳ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟುಬಿಟ್ಟ. ಆಕೆ ಒತ್ತಾಯ ಮಾಡಲಿಲ್ಲ. ಮೂರು ವಾರದ ಮೇಲೆ ನಾವು ಹೋದಾಗ ಹಲಗೆ ಬಾಗಿಲಿನ ಮೇಲೆ ತೂಗುತ್ತಿತ್ತು. ಕೆಲವು ಗಿರಾಕಿಗಳು ಬಿಟ್ಟುಹೋದರು. ಕೆಲವರು ಉಳಿದರು, ಬಂದವರು ಎದುರಿಗೆ ನಿಂತು, ಮುಖ ನೋಡಿ ಮಾತಾಡಿದರು. "ಮೂವತ್ತ ವರ್ಷದಾಗ ಇವರ ಮಾರಿ ನಾ ಸರೀಗಿ ನೋಡಿದ್ದಿಲ್ಲರಿ," ಎಂದ ಒಮ್ಮೆ ದಸ್ತಗೀರ. "ಬರೇ ಗಾಡಿ ನೋಡ್ತಿದ್ದೆ."

ಎರಡು ವರ್ಷ ಹೀಗೆ ನಡೆಯಿತು. ನನ್ನ ಬದುಕಿನಲ್ಲಿ ಯಾವುದಾದರೂ ಎರಡು ವರ್ಷ ಮತ್ತೆ ಕೊಡುತ್ತೇವೆಂದು ಯಾರಾದರೂ ಹೇಳಿದರೆ ಅವನ್ನೇ ಕೇಳುವೆ.

ಆಮೇಲೆ ಒಂದು ಮಧ್ಯಾಹ್ನ ಗ್ಯಾರೇಜಿನ ಮುಂದೆ ಹಿಂದಕ್ಕೆ ಸರಿಯುತ್ತಿದ್ದ ಲಾರಿಯ ಸದ್ದು ಕೇಳದೆ ದಸ್ತಗೀರ ಅದರ ಕೆಳಗೆ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು. ಆದರೂ ಹೆಗಲಿನ ಎಲುಬು ಮುರಿಯಿತು. ಸೊಲ್ಲಾಪುರದಿಂದ ಮಗಳು ಜುಬೇದಾ ಓಡಿ ಬಂದಳು. "ಒಬ್ಬಂವನ್ನ ಇನ್ನ ಬಿಡಂಗಿಲ್ಲ, ಅಬ್ಬಾ," ಎಂದಳು. ಆಕೆಯ ಮಾತು ತಪ್ಪಲ್ಲವೆಂದು ವತ್ಸಲಾಗೂ ಗೊತ್ತಿತ್ತು.

ಹೊರಡುವ ಮುಂಜಾನೆ ನಾವು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆವು. ದಸ್ತಗೀರ ಕೊರಳಿಗೆ ಕೈ ಜೋತುಹಾಕಿಕೊಂಡು ನನ್ನ ಪಕ್ಕದಲ್ಲಿ ನಿಂತಿದ್ದ.

"ಮುಟ್ಟಿದ ಕೂಡಲೇ ತಿಳಸ್ರಿ. ನಾ ಫೋನ್ ಮಾಡ್ತೀನಿ," ಎಂದಳು ವತ್ಸಲಾ. ಎಲ್ಲರಿಗೂ ಹೇಳುವ ಹಾಗೆ, ರೂಢಿಯಿಂದ.

ಆತ ಆಕೆಯ ತುಟಿ ನೋಡುತ್ತಿದ್ದ. ಮೆಲ್ಲಗೆ ನಕ್ಕ. "ಫೋನಿನ್ಯಾಗ ತುಟಿ ಕಾಣಂಗಿಲ್ಲಲ್ರಿ ಅಕ್ಕೋರ."

ಮುಖ ತೋರಿಸುವ ಫೋನು ಆಗಿನ್ನೂ ನಮ್ಮ ಓಣಿಗೆ ಬಂದಿರಲಿಲ್ಲ.  ಬಸ್ಸು ಹೊರಟಿತು. ಆಕೆ ಒಳಗೆ ಬಂದು ಕೂತು, ಕೀಲಿ ಕೈಯಲ್ಲಿದ್ದರೂ ಬಹಳ ಹೊತ್ತು ನನ್ನನ್ನು ಚಾಲೂ ಮಾಡಲಿಲ್ಲ.

ಆಕೆ ಕಾರ್ಡು ಬರೆದಳು. ಆತನಿಗೆ ಕನ್ನಡ ಓದಲು ಬರುತ್ತಿತ್ತು, ಬರೆಯುವುದು ಕಷ್ಟ. ಒಂದು ಸಲ ಮಗಳ ಕೈಯಿಂದ ಬರೆಸಿದ ನಾಲ್ಕು ಸಾಲು ಬಂತು. ಅದನ್ನು ಆಕೆ ನನ್ನೊಳಗೇ ಕೂತು ಓದಿದಳು: ಹೆಗಲು ಕೂಡಿದೆ, ಇಲ್ಲಿ ಬಿಸಿಲು ಬಹಳ, ಮೊಮ್ಮಕ್ಕಳಿಗೆ ಎದುರಿಗೆ ನಿಂತು ಮಾತಾಡಲು ಕಲಿಸಿದ್ದೇನೆ, ಗಾಡಿ ಹೇಗಿದೆ. ಆಮೇಲೆ ಕಾಗದ ಬಂದದ್ದು ನನಗೆ ಗೊತ್ತಿಲ್ಲ. ನಾವು ಮತ್ತೆ ಕೆರೆಗೆ ಹೋಗತೊಡಗಿದೆವು.

ವತ್ಸಲಾಳ ಕಣ್ಣಿಗೆ ಪೊರೆ ಬಂತು. ಎದುರಿನ ಗಾಡಿಯ ದೀಪ ಹೂವಿನಂತೆ ಅರಳಿ ಕಾಣುತ್ತದೆ ಎಂದು ಆಕೆ ಪಕ್ಕದ ಮನೆಯವಳಿಗೆ ಹೇಳಿದ್ದು ಕೇಳಿದೆ. ಒಂದು ಗುರುವಾರ ಆಪರೇಶನ್ನಿಗೆಂದು ಆಟೋದಲ್ಲಿ ಹೊರಟುಹೋದಳು. ನಾನು ಮನೆಯ ಬಗಲಿನ ತಗಡಿನ ಕೆಳಗೆ ಒಬ್ಬನೇ ನಿಂತಿದ್ದೆ.

ಮರುದಿನ ಹನ್ನೊಂದರ ಸುಮಾರಿಗೆ ಗೇಟು ಸದ್ದಾಯಿತು. ಒಬ್ಬ ಮುದುಕ ಒಳಗೆ ಬಂದ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಮೇಲೆ ಅತ್ತರಿನ ವಾಸನೆ. ಮದುವೆಗೆ ಬಂದವರ ವೇಷ. ನಡಿಗೆಯಿಂದ ಗುರುತು ಹಿಡಿದೆ. ದಸ್ತಗೀರ! ಆತ ಬಾಗಿಲು ತಟ್ಟಿದ. ಬೀಗ ನೋಡಿದ. ಬಂದಾಳೆಂದು ಕಟ್ಟೆಯ ಮೇಲೆ ಕೂತ.

ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಶಶಿಕಲಾ ಬಗ್ಗಿ ಕೂಗಿದಳು. "ಯಾರ್ರಿ? ಅಕ್ಕೋರು ದವಾಖಾನಿಗಿ ಹೋಗ್ಯಾರ! ನಾಳೆ ಬರ್ತಾರ!" ಆತ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದ. ಆಕೆ ಎರಡು ಸಲ ಕೂಗಿ, ಗೊಣಗಿಕೊಂಡು ಒಳಗೆ ಹೋದಳು.

ನೆರಳು ಸರಿದು ಕಟ್ಟೆಯ ಮೇಲೆ ಬಿಸಿಲು ಬಂತು. ಆತ ಎದ್ದು ನನ್ನ ಹತ್ತಿರ ಬಂದ. ನನ್ನ ಎಡಬಾಗಿಲಿನ ಬೀಗ ಕೆಟ್ಟದ್ದು ಆತನಿಗೆ ಗೊತ್ತೇ ಇತ್ತು. ಅದನ್ನು ತೆರೆದು, ಒಳಗಿನ ಹಿಡಿ ಎಳೆದು, ಬಾನೆಟ್ಟು ಎತ್ತಿ, ತಣ್ಣಗಿದ್ದ ಎಂಜಿನ್ನಿನ ಮೇಲೆ ಅಂಗೈ ಇಟ್ಟು ನಿಂತ. ನನ್ನಲ್ಲಿ ಹೇಳುವುದಕ್ಕೆ ಏನಿತ್ತು? ಎಂಜಿನ್ನು ಓಡಿದರಲ್ಲವೇ ನನ್ನ ಮಾತು? ಪೈಪನ್ನು ಹಿಡಿದು ಅಲುಗಿಸಿದ. ಅದು ಮತ್ತೆ ಸಡಿಲಾಗಿತ್ತು; ಕೆಲವು ದಿನದಿಂದ ನನ್ನ ನಡುಕವೂ ಮರಳಿತ್ತು. ಒತ್ತಿ ಕೂಡಿಸಿ, ಜೇಬ ತಡಕಿ ಒಂದು ನಾಣ್ಯ ತೆಗೆದು, ಅದರ ಅಂಚಿನಿಂದಲೇ ಕ್ಲಿಪ್ಪಿನ ಸ್ಕ್ರೂ ಬಿಗಿದ. ನಾಲ್ಕು ಗಂಟೆಯವರೆಗೆ ಕಾದ. ಆಮೇಲೆ ಕೈಗಡಿಯಾರ ನೋಡಿ ಎದ್ದು, ಗೇಟಿನ ಚಿಲಕ ಹಾಕಿಕೊಂಡು ಹೋದ. ನಾನು ಆ ಬೆನ್ನನ್ನು ತಿರುವಿನವರೆಗೂ ನೋಡಿದೆ.

ಶನಿವಾರ ವತ್ಸಲಾ ಬಂದಳು, ಕಣ್ಣಿನ ಮೇಲೆ ಹಸಿರು ಬಟ್ಟೆ. ಶಶಿಕಲಾ ಗೋಡೆಯಾಚೆಯಿಂದಲೇ ಸುದ್ದಿ ಹೇಳಿದಳು. "ನಿನ್ನೆ ಯಾರೋ ಒಬ್ಬ ಸಾಬರ ಅಜ್ಜಾ ಬಂದಿದ್ದಾರಿ. ಎಷ್ಟ ಕೂಗಿದ್ರೂ ಹೊಳ್ಳಿ ಸುದ್ದಾ ನೋಡಲಿಲ್ಲ. ಸೊಕ್ಕಿನ ಮನಷ್ಯಾ. ನಾಲ್ಕ ಗಂಟೆ ತನಾ ಕುಂತಿದ್ದ."

ವತ್ಸಲಾ ಗೋಡೆ ಹಿಡಿದುಕೊಂಡಳು. "ಸೊಕ್ಕಲ್ಲವಾ," ಎಂದಳು. "ಅವರಿಗೆ ಕೇಳಸೂದಿಲ್ಲ." ಕಟ್ಟೆಯ ಕಡೆ ನೋಡಿ ಕೇಳಿದಳು: "ಬಿಸಲಾಗ ಕುಂತಿದ್ರು?"

"ಹೂಂನ್ರಿ."

"ಒಂದು ತಂಬಿಗಿ ನೀರರೆ ಕೊಟ್ಟ್ಯಾ?"

ಶಶಿಕಲಾ ತಲೆ ತಗ್ಗಿಸಿದಳು. ವತ್ಸಲಾ ನನ್ನ ಕಡೆಗೆ ಬಂದಳು. ನನ್ನ ಬಾಗಿಲು ತೆಗೆದು ಕೂತು ಕೀಲಿ ತಿರುಗಿಸಿದಳು. ನಾನು ಒಂದೇ ಸಲಕ್ಕೆ ಎದ್ದೆ, ನಡುಕವಿಲ್ಲ, ಬಿಕ್ಕಿಲ್ಲ. ಆಕೆ ಬ್ರೇಕಿನ ಮೇಲೆ ಕಾಲಿಟ್ಟಳು. ಅದು ಮೆತ್ತಗೆ ಇಳಿಯಿತು. ಕಾಲು ತೆಗೆದು ಮತ್ತೆ ಒತ್ತಿದಳು. ತೆಗೆದು ಮತ್ತೆ ಒತ್ತಿದಳು. ಎಲ್ಲಿಗೂ ಹೋಗದ ಕಾರಿನ ಬ್ರೇಕನ್ನು ಆಕೆ ಅಷ್ಟು ಹೊತ್ತು ಒತ್ತುತ್ತ ಕೂತದ್ದು ಯಾಕೆಂದು ಶಶಿಕಲಾಗೆ ತಿಳಿದಿರಲಿಕ್ಕಿಲ್ಲ.

ಡಾಕ್ಟರು ಇನ್ನು ಗಾಡಿ ನಡೆಸಬೇಡಿ ಎಂದಿದ್ದಾರೆ. ನಾನು ಈ ತಗಡಿನ ಕೆಳಗೇ ಇದ್ದೇನೆ. ಟೈರು ಕೂತಿವೆ, ಬೆಕ್ಕೊಂದು ನನ್ನ ಕೆಳಗೆ ಮರಿ ಹಾಕಿದೆ. ಗುಜರಿಯವನು ಎರಡು ಸಲ ಬಂದು ಸುತ್ತು ನೋಡಿ ಹೋದ. ಆಕೆ ಇನ್ನೂ ಹೂಂ ಅಂದಿಲ್ಲ. ಒಂದು ದಿನ ಅನ್ನಬೇಕಾಗುತ್ತದೆ, ನನಗೂ ಗೊತ್ತು. ಎಷ್ಟೋ ಗಾಡಿಗಳು ಯಾರೂ ತಮ್ಮ ಎದೆಯ ಮೇಲೆ ಕೈಯಿಡದೆ ಸವೆದುಹೋಗುತ್ತವೆ. ನನಗೆ ಹಾಗಾಗಲಿಲ್ಲ.

ವತ್ಸಲಾ ಈಗ ಎಲ್ಲಿಗೇ ಹೋಗಲಿ, ಔಷಧಿ ಅಂಗಡಿಗಾದರೂ ಸರಿ, ಹೊರಡುವ ಮೊದಲು ಕಟ್ಟೆಯ ಮೇಲೆ ನೆರಳಿರುವ ಕಡೆ ಒಂದು ತಂಬಿಗೆ ನೀರಿಟ್ಟು, ಮೇಲೆ ಲೋಟ ಮುಚ್ಚಿ ಹೋಗುತ್ತಾಳೆ. ಮರಳಿ ಬಂದು ಲೋಟ ಎತ್ತಿ ನೋಡುತ್ತಾಳೆ. ನೀರು ಇಟ್ಟಷ್ಟೇ ಇರುತ್ತದೆ. ಅದನ್ನು ಗಿಡದ ಬುಡಕ್ಕೆ ಹೊಯ್ದು ಒಳಗೆ ಹೋಗುತ್ತಾಳೆ.